ಡಕ್ಕೆ ಹಿಡಿದು ಹಿಂದೆ ಕೂತ ಹುಡುಗ

ನಿನ್ನೆ ಸಂಜೆ ಉತ್ಸವವೊಂದರ ವೇದಿಕೆಯಲ್ಲಿ ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರೊಬ್ಬರು ತಂಬೂರಿ ಮೀಟಿ, ಧರೆಗೆ ದೊಡ್ಡವರೆನಿಸಿದ ಆ ಗುರುವನ್ನು ನೆನೆದು ಇನ್ನೇನು ಕಥೆಗೆ ಇಳಿಯಬೇಕು ಎನ್ನುವಷ್ಟರಲ್ಲಿ ನಿರೂಪಕರು ಮೈಕಿನ ಬಳಿ ಬಂದು ನಿಂತರು. ಐದು ನಿಮಿಷ ಮುಗಿದಿತ್ತು. ಅವರು ಹಾಡನ್ನು ಅರ್ಧಕ್ಕೆ ನಿಲ್ಲಿಸಿ, ಶಾಲು ಹೊದಿಸಿಕೊಂಡು, ಕೈಮುಗಿದು ಕೆಳಗಿಳಿದರು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಮಂಟೇಸ್ವಾಮಿ ಕಾವ್ಯ ರಾತ್ರಿಯಿಡೀ ಹಾಡುವಂಥದ್ದು. ಅದರ ಒಂದೊಂದು ಕಥಾಭಾಗಕ್ಕೂ ಸಾಲು ಎನ್ನುತ್ತಾರೆ. ಕಲ್ಯಾಣದ ಸಾಲು ಒಂದನ್ನೇ ತೆಗೆದುಕೊಳ್ಳಿ: ಕೊಳಕು ವೇಷದಲ್ಲಿ ಬಂದ ಗುರು ಮಂಟೇಸ್ವಾಮಿಯನ್ನು ಶರಣರ ಪಟ್ಟಣದ ಬಾಗಿಲಲ್ಲೇ ತಡೆಯುವ ಆ ಪ್ರಸಂಗ ಕೇಳುವವರ ಎದೆಗೆ ಇಳಿಯಬೇಕಾದರೆ, ಹಾಡುಗಾರ ಆ ಬಾಗಿಲಲ್ಲಿ ನಮ್ಮನ್ನೂ ಬಹಳ ಹೊತ್ತು ನಿಲ್ಲಿಸಬೇಕು. ಶಿಷ್ಯ ಕೆಂಪಾಚಾರಿ ಸಿದ್ಧಪ್ಪಾಜಿಯಾಗಿ ಹಲಗೂರಿನ ಪಾಂಚಾಳರ, ಅಂದರೆ ಕಮ್ಮಾರರ, ಬಳಿ ಕಬ್ಬಿಣದ ಭಿಕ್ಷೆ ಕೇಳುವುದು ಐದು ನಿಮಿಷದ ಮಾತಲ್ಲ.

ನನ್ನ ತಕರಾರು ಕೇಳುಗರಿಗಾದ ನಷ್ಟದ ಬಗ್ಗೆ ಮಾತ್ರವಲ್ಲ. ದೀಕ್ಷೆ ಪಡೆದ ನೀಲಗಾರ ಈ ಕಾವ್ಯವನ್ನು ಪುಸ್ತಕದಿಂದ ಕಲಿಯುವುದಿಲ್ಲ. ಗುರುವಿನ ಹಿಂದೆ ಡಕ್ಕೆಯೆಂಬ ಚಿಕ್ಕ ಚರ್ಮವಾದ್ಯವನ್ನೋ ತಾಳವನ್ನೋ ಹಿಡಿದು ಕುಳಿತು, ಸೊಲ್ಲು ಹಿಡಿಯುತ್ತಾ, ಹೂಂಗುಟ್ಟುತ್ತಾ, ಯಾವ ಊರಿನಲ್ಲಿ ಕಥೆ ಹಿಗ್ಗಿತು, ಎಲ್ಲಿ ಕುಗ್ಗಿತು ಎಂಬುದನ್ನು ವರ್ಷಗಟ್ಟಲೆ ಮೈಗೂಡಿಸಿಕೊಳ್ಳುತ್ತಾನೆ. ಆ ರಾತ್ರಿಗಳೇ ಅವನ ಶಾಲೆ. ರಾತ್ರಿಯನ್ನು ಐದು ನಿಮಿಷಕ್ಕೆ ಇಳಿಸಿದಾಗ ನಾವು ಮುಚ್ಚುವುದು ಆ ಶಾಲೆಯನ್ನು.

ಎಲ್ಲವೂ ಧ್ವನಿಮುದ್ರಣವಾಗಿದೆ, ಗ್ರಂಥಗಳಾಗಿ ಅಚ್ಚಾಗಿದೆ, ಇನ್ನೇನು ಭಯ ಎಂದು ಗೆಳೆಯರೊಬ್ಬರು ಅಲ್ಲಿಯೇ ಕೇಳಿದರು. ಸಂಗ್ರಹಿಸಿದವರ ಶ್ರಮಕ್ಕೆ ನಾನು ತಲೆಬಾಗುತ್ತೇನೆ. ಆದರೆ ಮುದ್ರಣದಲ್ಲಿ ಉಳಿಯುವುದು ಯಾವುದೋ ಒಂದು ರಾತ್ರಿ. ಮುಂದಿನ ರಾತ್ರಿಯನ್ನು ಹಾಡಲು ಮನುಷ್ಯನೇ ಬೇಕು. ಯುನೆಸ್ಕೊದ 2003ರ ಒಪ್ಪಂದವೂ ಪರಂಪರೆಯ ರಕ್ಷಣೆಯೆಂದಾಗ ದಾಖಲೀಕರಣದ ಜೊತೆಗೆ ತಲೆಮಾರಿನಿಂದ ತಲೆಮಾರಿಗೆ ದಾಟಿಸುವುದನ್ನೂ ಹೇಳುತ್ತದೆ. ಭಾರತ ಅದನ್ನು 2005ರಲ್ಲಿಯೇ ಅಂಗೀಕರಿಸಿದೆ.

ಇಷ್ಟೆಲ್ಲ ಬರೆಯುವ ನಾನೂ ತಪ್ಪಿತಸ್ಥನೇ. ನಮ್ಮ ಮನೆಯ ಗೃಹಪ್ರವೇಶಕ್ಕೆ ನೀಲಗಾರರನ್ನು ಕರೆಸಿ, ಊಟಕ್ಕೆ ತಡವಾಗುತ್ತದೆಂದು ನಡುವೆಯೇ ನಿಲ್ಲಿಸಿದ್ದೆ. ಅಂದು ಅವರ ಹಿಂದೆ ಯಾರು ಕುಳಿತಿದ್ದರೆಂದು ನಾನು ನೋಡಲೂ ಇಲ್ಲ. ನಿನ್ನೆ ನೋಡಿದೆ. ಹದಿನೈದು ಹದಿನಾರರ ಹುಡುಗ, ಡಕ್ಕೆಯನ್ನು ಬಟ್ಟೆಯಲ್ಲಿ ಸುತ್ತುತ್ತಾ, ನಿಂತುಹೋದ ಸಾಲನ್ನು ತುಟಿಯಲ್ಲೇ ಮುಂದುವರಿಸುತ್ತಿದ್ದ.

ಉತ್ಸವ ನಡೆಸುವವರು ದಯವಿಟ್ಟು ಹತ್ತು ತಂಡಗಳನ್ನು ಕರೆಯುವ ಬದಲು ಒಂದೇ ತಂಡವನ್ನು ಕರೆದು ಬೆಳಗಿನವರೆಗೆ ಹಾಡಲು ಬಿಡಲಿ. ಕೇಳಲು ಇಪ್ಪತ್ತೇ ಜನ ಉಳಿದರೂ ಚಿಂತೆಯಿಲ್ಲ. ಗಾಡಿ ಹತ್ತುತ್ತಿದ್ದ ಹಿರಿಯರ ಬಳಿಗೆ ಹೋಗಿ, ನಮ್ಮ ಮನೆಗೆ ಇನ್ನೊಮ್ಮೆ ಬರಬೇಕು, ಈ ಸಲ ರಾತ್ರಿಯಿಡೀ ಎಂದು ಕೇಳಿಕೊಂಡೆ. ಅವರು ಹಣದ ಮಾತೆತ್ತಲಿಲ್ಲ. ಯಾವ ಸಾಲು ಹಾಡಿಸುತ್ತೀರಿ ಎಂದು ಕೇಳಿದರು. ಹುಡುಗ ತಲೆಯೆತ್ತಿ ನನ್ನತ್ತ ನೋಡಿದ.