ಎಲ್ಲಿ ಕಡಿಮೆ ಮಾಡಲಿ, ತೋರಿಸಿ

ನಿನ್ನೆ ಮಗಳ ಶಾಲೆಯ ಪೋಷಕರ ಸಭೆ ಮುಗಿಸಿ ಬಂದವಳು ಸಿಟ್ಟಿನಲ್ಲೇ ಅನ್ನಕ್ಕಿಟ್ಟೆ, ಸಿಟ್ಟಿನಲ್ಲೇ ಮಲಗಿದೆ. ಬೆಳಗ್ಗೆ ಎದ್ದರೂ ಇಳಿದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮಾರ್ಕ್ಸ್ ಕಾರ್ಡ್ ಕೊಡುವ ಮೊದಲು ಅರ್ಧ ಗಂಟೆ ಒಬ್ಬರು ಹಣಕಾಸಿನವರ ಮಾತು ಇಟ್ಟಿದ್ದರು. ಒಂದೇ ಸಂಬಳದಲ್ಲಿ ಸಂಸಾರ ಮಾಡಿ ಉಳಿಸುವುದು ಹೇಗೆ ಅಂತ ವಿಷಯ. ನನಗೆ ಬೇಕಾದದ್ದೇ ಅಲ್ವಾ, ಹೋಗಿ ಮುಂದಿನ ಬೆಂಚಿನಲ್ಲಿ ಕೂತೆ. ಅವರು ಬೋರ್ಡಿನ ಮೇಲೆ 50, 30, 20 ಅಂತ ದೊಡ್ಡದಾಗಿ ಬರೆದರು. ಸಂಬಳದಲ್ಲಿ ಅರ್ಧ ಅಗತ್ಯಕ್ಕೆ, ನೂರಕ್ಕೆ 30 ಆಸೆಗಳಿಗೆ, 20 ಉಳಿತಾಯಕ್ಕೆ. ಆಮೇಲೆ ಹೆಂಗಸರು ಕೂತಿದ್ದ ಕಡೆ ತಿರುಗಿ, "ನೀವು ಮನಸ್ಸು ಮಾಡಬೇಕಷ್ಟೆ. ಹೋಟೆಲ್ ಊಟ ಕಡಿಮೆ ಮಾಡಿ, ಆನ್‌ಲೈನ್‌ನಲ್ಲಿ ಸೀರೆ ತರಿಸೋದು ಕಡಿಮೆ ಮಾಡಿ, ತಿಂಗಳಿಗೆ ಎಂಟು ಹತ್ತು ಸಾವಿರ ಆರಾಮಾಗಿ ಉಳಿಯುತ್ತೆ" ಅಂದರು.

ನನ್ನ ಪಕ್ಕದಲ್ಲಿ ಒಬ್ಬರು ಕೂತಿದ್ದರು. ಮಗನ ರಫ್ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ 50, 30, 20 ಅಂತ ಬರೆದುಕೊಂಡು, ಕೆಳಗೆ ಸಣ್ಣ ಅಕ್ಷರದಲ್ಲಿ ಬಾಡಿಗೆ, ಫೀಸು, ದಿನಸಿ ಅಂತ ಬರೆಯುತ್ತಾ ಹೋದರು. ಕೂಡಿಸಿದರು. ಇನ್ನೊಂದು ಸಲ ಕೂಡಿಸಿದರು. ಆಮೇಲೆ ಪುಸ್ತಕ ಮುಚ್ಚಿ, ತಾನೇ ಏನೋ ತಪ್ಪು ಮಾಡಿದ ಹಾಗೆ ತಲೆ ತಗ್ಗಿಸಿ ಕೂತುಬಿಟ್ಟರು. ನನಗೆ ಸಿಟ್ಟು ಬಂದದ್ದು ಅದನ್ನು ನೋಡಿ.

ನಮ್ಮ ಮನೆ ವಿಷಯ ನಿಮಗೆಲ್ಲ ಗೊತ್ತೇ ಇದೆ. ನಾಲ್ಕು ವರ್ಷದ ಹಿಂದೆ ಅತ್ತೆಗೆ ಲಕ್ವ ಹೊಡೆದಾಗ ನಾನು ಟೀಚರ್ ಕೆಲಸ ಬಿಟ್ಟೆ. ಅವತ್ತಿಂದ ನಮ್ಮೆಜಮಾನ್ರ ಸಂಬಳ ಒಂದೇ. ಕೈಗೆ 41 ಸಾವಿರ ಬರುತ್ತೆ. ಅದರ ಅರ್ಧ ಅಂದರೆ 20,500. ಮೈಸೂರಿನಲ್ಲಿ ಎರಡು ರೂಮಿನ ಮನೆಗೆ ಬಾಡಿಗೆ 11 ಸಾವಿರ, ದಿನಸಿಗೆ ಆರು ಸಾವಿರ. ಇಲ್ಲಿಗೇ 17 ಸಾವಿರ ಆಯಿತು. ತರಕಾರಿ, ಹಾಲು, ಗ್ಯಾಸು, ಅತ್ತೆಯ ಮಾತ್ರೆ, ಸ್ಕೂಲ್ ವ್ಯಾನು, ಗಾಡಿಗೆ ಪೆಟ್ರೋಲು, ಫೋನು ಎಲ್ಲ ಸೇರಿದರೆ 29,700. ಗೃಹಜ್ಯೋತಿಯಿಂದ ಕರೆಂಟಿಗೆ ಕಟ್ಟುವ ಹಾಗಿಲ್ಲ, ದೇವರಾಜ ಮಾರುಕಟ್ಟೆಗೆ ಹೋಗಿಬರಲು ನನಗೆ ಬಸ್ಸು ಫ್ರೀ. ಅದನ್ನೆಲ್ಲ ಲೆಕ್ಕಕ್ಕೆ ಹಿಡಿದ ಮೇಲೂ ಇಷ್ಟು. ಇದರಲ್ಲಿ ಒಂದು ಹೋಟೆಲ್ ದೋಸೆ ಇಲ್ಲ, ಒಂದು ಸೀರೆ ಇಲ್ಲ. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತಲ್ಲ, ದಿನಕ್ಕೆ ಒಂದೂವರೆ ಲೀಟರ್ ತರುವ ನಮಗೆ ಅದೊಂದೇ ತಿಂಗಳಿಗೆ 180 ರೂಪಾಯಿ ಜಾಸ್ತಿ. ಮಕ್ಕಳಿಗೆ ಹಾಲು ಕಡಿಮೆ ಮಾಡಲಾ? ಅತ್ತೆಯ ಬಿಪಿ ಮಾತ್ರೆ ಎರಡು ದಿನಕ್ಕೊಂದು ಕೊಡಲಾ? ಎಲ್ಲಿ ಕಡಿಮೆ ಮಾಡಲಿ, ತೋರಿಸಿ.

ಈ 50-30-20 ಲೆಕ್ಕವನ್ನು ಪ್ರಚಾರಕ್ಕೆ ತಂದವರು ಅಮೆರಿಕದಲ್ಲಿ ಆಗ ಕಾನೂನು ಪ್ರೊಫೆಸರ್ ಆಗಿದ್ದ ಎಲಿಜಬೆತ್ ವಾರೆನ್ ಮತ್ತು ಅವರ ಮಗಳು, 2005ರಲ್ಲಿ. ಅಲ್ಲಿನ ಸಂಸಾರ ನೋಡಿ ಹೇಳಿದ್ದು, ತಪ್ಪಿಲ್ಲ. ಅದನ್ನು ತಂದು ನಮ್ಮ ಬೋರ್ಡಿನ ಮೇಲೆ ಬರೆದು, ಹೊಂದದಿದ್ದರೆ ನಿಮಗೆ ಶಿಸ್ತಿಲ್ಲ ಅನ್ನುವುದಿದೆಯಲ್ಲ, ಅದು ತಪ್ಪು.

ನಮ್ಮಂಥ ಮನೆಗಳಲ್ಲಿ ಲೆಕ್ಕ ತಪ್ಪಿಸುವುದು ತಿಂಗಳ ಖರ್ಚಲ್ಲ. ವರ್ಷಕ್ಕೊಂದು ಸಲ ಬಂದು ಬಾಗಿಲು ತಟ್ಟುತ್ತವಲ್ಲ, ಅವು. ನಮ್ಮ ಅಡುಗೆಮನೆ ಗೋಡೆಯ ಕ್ಯಾಲೆಂಡರ್ ನೋಡಿದವರಿಗೆ ಗೊತ್ತು, ಪ್ರತಿ ಚೌಕದಲ್ಲೂ ಹಾಲಿನ ಲೆಕ್ಕ ಇರುತ್ತೆ, ಜೂನ್ ಹಾಳೆಯಲ್ಲಿ ಒಂದನೇ ತಾರೀಖಿಗೆ ಕೆಂಪು ಸುತ್ತು ಹಾಕಿ 'ಫೀಸು' ಅಂತ ಬರೆದಿರುತ್ತೇನೆ. ಇಬ್ಬರ ಫೀಸು 54 ಸಾವಿರ. ಆರೋಗ್ಯ ವಿಮೆ 21 ಸಾವಿರ. ಗೌರಿ ಬಾಗಿನ, ದಸರಾ, ದೀಪಾವಳಿ ಎಲ್ಲ ಎಷ್ಟು ಹಿಡಿತ ಮಾಡಿದರೂ 12 ಸಾವಿರ. ಮದುವೆ, ಗೃಹಪ್ರವೇಶ, ನಾಮಕರಣದ ಮುಯ್ಯಿ 9 ಸಾವಿರ. ಒಟ್ಟು 96 ಸಾವಿರ. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 8 ಸಾವಿರ. ಅದನ್ನು ಪ್ರತಿ ತಿಂಗಳೂ ಬೇರೆ ಖಾತೆಗೆ ಹಾಕಿ ಮುಟ್ಟದೆ ಇಟ್ಟರೆ ಮಾತ್ರ ಜೂನ್‌ನಲ್ಲಿ ಸಾಲ ಮಾಡುವುದು ತಪ್ಪುತ್ತೆ. ಇದನ್ನು ಕಲಿಯಲು ನನಗೆ ಮೂರು ವರ್ಷ ಬೇಕಾಯಿತು. ನಿನ್ನೆ ಅವರು ಇದೊಂದನ್ನು ಹೇಳಿದ್ದರೆ ನಾನೇ ಎದ್ದು ನಿಂತು ಕೈ ಮುಗಿಯುತ್ತಿದ್ದೆ.

ಈಗ ಲೆಕ್ಕ ಹಾಕಿ. 41 ಸಾವಿರದಲ್ಲಿ ಆ 29,700, ಈ 8 ಸಾವಿರ ಕಳೆದರೆ ಉಳಿದದ್ದು 3,300. ಅದರಲ್ಲಿ 1,500 ಮಗಳ ಸುಕನ್ಯಾ ಸಮೃದ್ಧಿಗೆ, ಹೆಣ್ಣುಮಕ್ಕಳಿಗೆ ಅಂತ ಸರ್ಕಾರ ಮಾಡಿರುವ ಉಳಿತಾಯ ಖಾತೆಗೆ. ಅವಳಿಗೆ ಮೂರು ವರ್ಷವಿದ್ದಾಗ, 2019ರಲ್ಲಿ ತೆರೆದದ್ದು. ಹದಿನೈದು ವರ್ಷ ಕಟ್ಟಬೇಕು. 18 ತುಂಬಿದಾಗ ಓದಿಗೆ ಅಂತ ಅರ್ಧದವರೆಗೆ ತೆಗೆಯಬಹುದು, ನನ್ನ ಕಣ್ಣೆಲ್ಲ ಅದರ ಮೇಲೆಯೇ. ಈ ಖಾತೆಯಲ್ಲಿ ತಿಂಗಳ 5ನೇ ತಾರೀಖಿನೊಳಗೆ ಕಟ್ಟಿದರೆ ಮಾತ್ರ ಆ ದುಡ್ಡಿಗೆ ಆ ತಿಂಗಳ ಬಡ್ಡಿ ಸಿಗುತ್ತೆ. ಇವರಿಗೆ ಸಂಬಳ ಆಗುವುದು 7ಕ್ಕೆ. ಹಾಗಾಗಿ ಹಿಂದಿನ ತಿಂಗಳ ಸಂಬಳದಲ್ಲೇ 1,500 ಎತ್ತಿಟ್ಟು, ಕೊನೆಯ ವಾರ ಎಷ್ಟೇ ಕಷ್ಟ ಬಂದರೂ ಮುಟ್ಟದೆ ಕಾಯುತ್ತೇನೆ. ಇಷ್ಟು ಮಾಡುವವಳಿಗೆ ಬಂದು ಮನಸ್ಸು ಮಾಡಿ ಅಂತಾರೆ!

ಇನ್ನು 1,000 ಆರ್‌ಡಿಗೆ, ಅಂದರೆ ತಿಂಗಳು ತಿಂಗಳು ಇಷ್ಟು ಅಂತ ಕಟ್ಟುವ ಠೇವಣಿಗೆ. ಆರ್‌ಡಿ ವಿಷಯದಲ್ಲಿ ಒಂದು ಮಾತು ಇಲ್ಲಿಯವರೆಗೆ ಇವರನ್ನು ಬಿಟ್ಟು ಯಾರಿಗೂ ಹೇಳಿಲ್ಲ. 2020ರ ಜನವರಿಯಲ್ಲಿ ಅಂಚೆ ಕಚೇರಿಯಲ್ಲಿ ಐದು ವರ್ಷದ ಆರ್‌ಡಿ ಶುರು ಮಾಡಿದ್ದೆ. ಆಗ ಬಡ್ಡಿ 7.2 ಇತ್ತು. ತಿಂಗಳಿಗೆ ಸಾವಿರದಂತೆ ನಲವತ್ತು ಕಂತು ಕಟ್ಟಿದ ಮೇಲೆ ತಮ್ಮನ ಮದುವೆ ಬಂತು. ಅಕ್ಕ ಆಗಿ ಉಂಗುರ ಹಾಕದೆ ಹೇಗೆ ನಿಲ್ಲಲಿ? ಬೇಕಾಗಿದ್ದದ್ದು 18 ಸಾವಿರ. ಇವರಿಗೂ ಹೇಳದೆ ಆರ್‌ಡಿ ಮುರಿದೆ. ಮಧ್ಯೆ ಮುರಿದಿದ್ದಕ್ಕೆ ಉಳಿತಾಯ ಖಾತೆಯ ಬಡ್ಡಿ, ಅಂದರೆ ನೂರಕ್ಕೆ 4 ಮಾತ್ರ ಸಿಕ್ಕಿತು. ಮಿಕ್ಕ 22 ಸಾವಿರ, ಜೊತೆಗೆ ಆ ಬಡ್ಡಿ ಕೈಯಲ್ಲಿತ್ತಲ್ಲ, ಮೂರು ತಿಂಗಳಲ್ಲಿ ಅದಕ್ಕೆ ಇದಕ್ಕೆ ಅಂತ ಕರಗಿಹೋಯಿತು. ಇವರಿಗೆ ಹೇಳಿದ ದಿನ ತುಂಬಾ ಅತ್ತುಬಿಟ್ಟೆ. ಆಮೇಲೆ ಗೊತ್ತಾಯಿತು, ಹನ್ನೆರಡು ಕಂತು ಕಟ್ಟಿದ್ದರೆ ಸಾಕು, ಕಟ್ಟಿದ್ದರಲ್ಲಿ ಅರ್ಧದವರೆಗೆ ಅದರ ಮೇಲೇ ಸಾಲ ತಗೋಬಹುದು, ಆರ್‌ಡಿ ಬಡ್ಡಿಗಿಂತ ಎರಡು ಪರ್ಸೆಂಟ್ ಮಾತ್ರ ಜಾಸ್ತಿ. ನನಗೆ 20 ಸಾವಿರ ಸಿಗುತ್ತಿತ್ತು. ಆರ್‌ಡಿಯೂ ಉಳಿಯುತ್ತಿತ್ತು. ನನಗೆ ಕಡಿಮೆಯಿದ್ದದ್ದು ಈ ಒಂದು ಮಾಹಿತಿ ಕಣ್ರೀ, ಶಿಸ್ತಲ್ಲ.

ಪಕ್ಕದ ಮನೆಯ ಹುಡುಗಿ ಸಭೆಯ ವಿಷಯ ಕೇಳಿ, "ಅಕ್ಕಾ, ಅವರು ಹೇಳಿದ್ದರಲ್ಲಿ ತಪ್ಪೇನಿದೆ? ವಾರಕ್ಕೆ ನಾಲ್ಕು ಸಲ ಹೊರಗಿಂದ ತರಿಸಿಕೊಳ್ಳೋರು ಇದ್ದಾರಲ್ಲ" ಅಂದಳು. ಇದ್ದಾರೆ, ಅವರಿಗೆ ಹೇಳಲಿ. ಆ ಬೆಂಚುಗಳ ಮೇಲೆ ಕೂತಿದ್ದವರು ಅವರಲ್ಲ. ಇನ್ನೊಬ್ಬರು, ನೀವೂ ಕೆಲಸಕ್ಕೆ ಹೋಗಿ ಅಂದರು. ನನಗೆ ಬರುತ್ತಿದ್ದದ್ದು 12 ಸಾವಿರ. ಅತ್ತೆಯನ್ನು ಹಗಲು ನೋಡಿಕೊಳ್ಳಲು ಬರುವವರು ಕೇಳಿದ್ದು 15. ಮೂರು ಸಾವಿರ ಮೇಲೆ ಕೊಟ್ಟು ನಾನು ಕೆಲಸಕ್ಕೆ ಹೋಗಬೇಕಾ? ಇದಕ್ಕಿಂತ ಜಾಸ್ತಿ ಆ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ.

ಎಲ್ಲ ಕಳೆದು ಮಿಗುವುದು 800 ರೂಪಾಯಿ. ಮಗನಿಗೆ ಜ್ವರ ಬಂದರೂ ಅದೇ, ಗಾಡಿ ಟೈರ್ ಹೋದರೂ ಅದೇ. ನಮ್ಮ ಮನೆಯಲ್ಲಿ ಆಸೆ ಅನ್ನುವುದಕ್ಕೆ ಇರುವ ದುಡ್ಡೂ ಅದೇ. ಆ ಮನುಷ್ಯ ಹೇಳಿದ್ದು ನೂರಕ್ಕೆ 30, ನಮ್ಮಲ್ಲಿ ನೂರಕ್ಕೆ 2 ಕೂಡ ಇಲ್ಲ.

ಸಭೆ ಮುಗಿದು ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಆ ನೋಟ್‌ಬುಕ್ಕಿನವರು ಸಿಕ್ಕಿದರು. ಅವರ ಯಜಮಾನರು ಆಟೋ ಓಡಿಸುತ್ತಾರಂತೆ. ಮೈದುನನ ಮದುವೆ ಇದೆ, ಇರುವ ಒಂದು ಆರ್‌ಡಿ ಮುಂದಿನ ವಾರ ಮುರಿಯಬೇಕು ಅಂದರು. ನಾನು ಅವರ ಕೈ ಹಿಡಿದೇ ಬಿಟ್ಟೆ. "ಎಷ್ಟು ಕಂತು ಕಟ್ಟಿದ್ದೀರಿ?" ಅಂದೆ. "ಮೂವತ್ತೆಂಟು" ಅಂದರು. ಮುರಿಯಬೇಡಿ, ಅದರ ಮೇಲೆ ಸಾಲ ಕೇಳಿ ಅಂತ ಹೇಳಿದೆ. ಅವರು ಮತ್ತೆ ನೋಟ್‌ಬುಕ್ ತೆಗೆದು, ಅದೇ ಹಾಳೆಯಲ್ಲಿ 20ರ ಕೆಳಗೆ ಬರೆದುಕೊಂಡರು. "ಇನ್ನೊಂದು ಸಲ ಹೇಳಿ ಅಕ್ಕ, ನಿಧಾನಕ್ಕೆ" ಅಂದರು.