ಯಾರ್ರೀ ಇದಕ್ಕೆ ಕೈ ಹಾಕಿದ್ದು?

ಈ ಮಾತು ಮಧ್ಯಾಹ್ನದಿಂದ ಕಿವಿಯಲ್ಲೇ ಇದೆ. ನಾನೇ ಹಾಕಿದ್ದು. ನನ್ನ ಬೈಕ್, ನನ್ನ ಸ್ಪ್ಯಾನರ್, ನಾನೇ ಕೈ ಹಾಕಿದ್ದು. ಏನೀಗ?

ಸೈಲೆನ್ಸರ್‌ನ ಎರಡು ಬೋಲ್ಟ್‌ಗಳಲ್ಲಿ ಒಂದು ಸಲೀಸಾಗಿ ಬಂತು. ಇನ್ನೊಂದು ಮೊದಲು ಅಲ್ಲಾಡಲೇ ಇಲ್ಲ, ಆಮೇಲೆ ಇದ್ದಕ್ಕಿದ್ದಂತೆ ಮೆತ್ತಗೆ ತಿರುಗಿತು. ಆ ಮೆತ್ತಗೆ ತಿರುಗುವುದು ಅನುಭವಿಸಿದವರಿಗೇ ಗೊತ್ತು. ಬೋಲ್ಟಿನ ತಲೆ ಸ್ಪ್ಯಾನರ್ ಜೊತೆ ಬಂತು, ಮಿಕ್ಕಿದ್ದು ಎಂಜಿನ್ ಹೆಡ್ (ಎಂಜಿನ್ನಿನ ಮೇಲಿನ ಭಾಗ) ಒಳಗೇ ಉಳಿಯಿತು.

ನಾನು ಜೋರಾಗಿ ಎಳೆದಿರಲಿಲ್ಲ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದೆ. ಅದು 6 ಎಂಎಂ ಬೋಲ್ಟ್, 10 ನಂಬರ್ ಸ್ಪ್ಯಾನರ್‌ದು. ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಬಿಗಿ ಅದಕ್ಕೆ ಸಾಕು. ಹಿಂದಿನ ಸಲ ಬಿಚ್ಚಿದವನು ಬೋಲ್ಟ್ ಬಿಗಿಯುವ ಗನ್ ಹಿಡಿದು ಢರ್ರ್ ಅಂತ ಬಿಗಿದಿದ್ದಾನೆ, ನಾನೇ ಪಕ್ಕದಲ್ಲಿ ನಿಂತು ನೋಡಿದ್ದೆ, ಸುಮ್ನೆ ಇದ್ದೆ. ಅಲ್ಯೂಮಿನಿಯಂ ಒಳಗೆ ಉಕ್ಕಿನ ಬೋಲ್ಟ್, ದಿನಾ ಸೈಲೆನ್ಸರ್ ಕಾವು, ಮಳೆ ನೀರು. ಕಚ್ಚಿಕೊಳ್ಳದೆ ಏನು ಮಾಡುತ್ತೆ? ಥ್ರೆಡ್‌ಗೆ ಒಂಚೂರು ತಾಮ್ರದ ಗ್ರೀಸ್ ಸವರಿದ್ದರೆ ಇವತ್ತು ಇದೆಲ್ಲ ಇರುತ್ತಿರಲಿಲ್ಲ. ಒಂದು ನಿಮಿಷದ ಕೆಲಸ ಅದು!

ಆಮೇಲಿನದು ನನ್ನ ತಪ್ಪು, ಒಪ್ಪುತ್ತೇನೆ. ಮುರಿದ ಮುಖ ಓರೆಯಾಗಿತ್ತು. ಪಂಚ್ ಹೊಡೆದು ನಡುವೆ ಗುಳಿ ಮಾಡದೆ ಡ್ರಿಲ್ ಇಟ್ಟೆ. ಬಿಟ್ ಜಾರಿತು, ತೂತು ಒಂದು ಪಕ್ಕಕ್ಕೆ ಹೋಯಿತು. ಅದಕ್ಕೆ ಎಕ್ಸ್‌ಟ್ರಾಕ್ಟರ್ (ಮುರಿದ ಬೋಲ್ಟ್ ಕಚ್ಚಿ ಹೊರತೆಗೆಯುವ ಸಲಕರಣೆ) ಬಡಿದು ತಿರುಗಿಸಿದೆ. ಟಿಕ್. ಅದೂ ಒಳಗೇ ಮುರಿಯಿತು.

ಮೆಕ್ಯಾನಿಕ್ ಬಂದ. ಕುಕ್ಕರುಗಾಲಲ್ಲಿ ಕೂತು ನೋಡಿದ. ನನ್ನನ್ನು ಕೇಳಲಿಲ್ಲ, ಅಪ್ಪನ ಕಡೆ ತಿರುಗಿ ಕೇಳಿದ, 'ಯಾರ್ರೀ ಇದಕ್ಕೆ ಕೈ ಹಾಕಿದ್ದು?' ಅಪ್ಪ ಬಾಯಿ ಬಿಡಲಿಲ್ಲ, ಗದ್ದ ಎತ್ತಿ ನನ್ನ ಕಡೆ ತೋರಿಸಿದರು. ಅವನು ಉಗುರಿನಿಂದ ನನ್ನ ಆ ಸೊಟ್ಟ ತೂತನ್ನು ಒಂದು ಸಲ ಸವರಿದ, 'ಹೆಡ್ಡೇ ಬಿಚ್ಚಬೇಕು' ಅಂದ, ಎದ್ದು ಕೈ ಒರೆಸಿಕೊಂಡ. ಮಗಳು ಟಾರ್ಚ್ ಹಿಡಿದುಕೊಂಡೇ ಇದ್ದಳು, ಬೆಳಕು ಸರಿಯಾಗಿ ಆ ತೂತಿನ ಮೇಲೆ. ಬೆಳಿಗ್ಗೆಯಿಂದ ಅವಳಿಗೆ ಯಾವ ಸ್ಪ್ಯಾನರ್ ಯಾವುದಕ್ಕೆ ಅಂತ ಹೇಳಿಕೊಡುತ್ತಿದ್ದೆ. ನಲವತ್ತು ದಾಟಿದವನಿಗೆ ತಲೆ ಎತ್ತಲಾಗಲಿಲ್ಲ.

ಗನ್ನಲ್ಲಿ ಬಿಗಿದವನನ್ನು ಯಾರೂ ಕೇಳಲ್ಲ. ಕೊನೆಗೆ ಯಾರ ಕೈಯಲ್ಲಿ ಮುರಿಯಿತೋ ಅವನನ್ನೇ ಕೇಳುವುದು. ಇದು ಯಾವ ನ್ಯಾಯ?

ಇನ್ನೊಂದು ಹೇಳಿ ನನಗೆ, ಯಾರಾದರೂ ಸರಿ. ಪೂರ್ತಿ 6 ಎಂಎಂ ದಪ್ಪದ ಬೋಲ್ಟ್ ಕಟ್ ಆಗುವಷ್ಟು ಹಿಡಿದುಕೊಂಡಿರುವಾಗ, ಅದರೊಳಗೆ ತೂರಿಸುವ ಸಣ್ಣ ಎಕ್ಸ್‌ಟ್ರಾಕ್ಟರ್ ಹೇಗೆ ತಿರುಗಿಸುತ್ತೆ? ಬಡಿದಷ್ಟೂ ಆ ತುಂಡು ಹಿಗ್ಗಿ ಥ್ರೆಡ್‌ಗೆ ಇನ್ನೂ ಒತ್ತಿಕೊಳ್ಳುತ್ತೆ ಅಲ್ವಾ? ಗಡಸು ಉಕ್ಕು, ಬಾಗಲ್ಲ, ನೇರ ಮುರಿಯುತ್ತೆ. ಮುರಿದ ಮೇಲೆ ಮಾಮೂಲಿ ಡ್ರಿಲ್ ಬಿಟ್ ಅದನ್ನು ಕೊರೆಯಲ್ಲ, ಕೀಚ್ ಅಂತ ಕಿರುಚುತ್ತೆ ಅಷ್ಟೇ. ಮೊದಲು ಹೆಡ್ ಚೆನ್ನಾಗಿ ಕಾಯಿಸು, ಅಲ್ಯೂಮಿನಿಯಂ ಉಕ್ಕಿಗಿಂತ ಜಾಸ್ತಿ ಹಿಗ್ಗುತ್ತೆ, ಹಿಡಿತ ಬಿಡುತ್ತೆ ಅಂತ ಒಬ್ಬರಾದರೂ ಹೇಳಬಾರದಿತ್ತಾ?

ಇರಲಿ ಬಿಡಿ. ಬೈಕೇ ಬೇಡ, ಬಸ್ಸಲ್ಲಿ ಓಡಾಡುತ್ತೇನೆ. ಅಲ್ಲ, ಯಾಕೆ ಬಿಡಬೇಕು? ತಲೆ ಕಳಚುವ ತನಕ ನಾನು ಮಾಡಿದ್ದರಲ್ಲಿ ಒಂದೂ ತಪ್ಪಿರಲಿಲ್ಲ.

ತುಂಡು ಹೆಡ್ ಮಟ್ಟಕ್ಕೇ ಇದೆ, ಹೊರಗೆ ಚಾಚಿಲ್ಲ. ಮೇಲೆ ನಟ್ ಇಟ್ಟು, ನಟ್ಟಿನ ತೂತಿನೊಳಗಿಂದ ತುಂಡಿಗೆ ವೆಲ್ಡ್ ಮಾಡಿ, ಆ ಕಾವಿನಲ್ಲೇ ತಿರುಗಿಸಿ ತೆಗೆಯುತ್ತಾರಂತೆ. ಒಳಗೆ ಎಕ್ಸ್‌ಟ್ರಾಕ್ಟರ್ ಚೂರು ಇರುವಾಗಲೂ ಹಾಗೆ ತೆಗೆದವರು ಇದ್ದರೆ ಹೇಳಿ. ಹೆಡ್ ಬಿಚ್ಚಲು ಆ ಮೆಕ್ಯಾನಿಕ್ಕಿಗೆ ಇನ್ನೂ ಹೂಂ ಅಂದಿಲ್ಲ.