ತೂತು ಮುಚ್ಚಿ ಮಾರಿದ ಚಿಪ್

ಲಾಸ್ ವೇಗಸ್‌ನಲ್ಲಿ ಬಾಗಿಲು ಮುಚ್ಚಿದ ಕ್ಯಾಸಿನೊಗಳಲ್ಲಿ ಜೂಜಿಗೆ ಹಣದ ಬದಲು ಬಳಸುತ್ತಿದ್ದ ಬಿಲ್ಲೆಗಳನ್ನು, ಅಂದರೆ ಹಳೆಯ ಚಿಪ್‌ಗಳನ್ನು ಸಂಗ್ರಹಿಸುವ ನಮ್ಮಂಥವರ ಗೋಳನ್ನು ಯಾರೂ ಕೇಳುವುದಿಲ್ಲ. ಮೊನ್ನೆ ಅಂಚೆಯಲ್ಲಿ ಬಂದ 5 ಡಾಲರಿನ ಕೆಂಪು ಚಿಪ್ ನೋಡಿ ನನಗೆ ಮೈಯೆಲ್ಲ ಉರಿಯಿತು. ಮಾರಾಟಗಾರ ಅದನ್ನು ದೋಷವಿಲ್ಲದ ಚಿಪ್ ಎಂದು ಬರೆದು, ಎದುರಿನಿಂದ ತೆಗೆದ ಒಂದೇ ಚಿತ್ರ ಹಾಕಿದ್ದ. ಕೈಗೆ ಬಂದ ಮೇಲೆ ಬೆಳಕಿಗೆ ಓರೆಯಾಗಿ ಹಿಡಿದಾಗ ನಡುವೆ ಒಂದು ಸಣ್ಣ ವೃತ್ತ ಮಂಕಾಗಿ ಕಂಡಿತು. ಉಗುರಿನಿಂದ ಕೆರೆದರೆ ಬಣ್ಣ ಬಳಿದ ಪುಟ್ಟಿ ಪುಡಿಪುಡಿಯಾಗಿ ಉದುರಿ, ಆಚೆಯಿಂದ ಈಚೆಗೆ ಕೊರೆದ ತೂತು ಬಾಯಿ ಬಿಟ್ಟಿತು.

ರದ್ದು ಮಾಡಿದ ಚಿಪ್‌ಗೆ ಅದು ಮತ್ತೆ ಚಲಾವಣೆಯಾಗದಂತೆ ತೂತು ಕೊರೆಯುವುದು, ಅಂಚನ್ನು ಕತ್ತರಿಸುವುದು ಹಳೆಯ ಪದ್ಧತಿ. ತೂತಿದೆ ಎಂದು ಹೇಳಿ ಮಾರಿದ್ದರೆ ಅದಕ್ಕೆ ತಕ್ಕ ಬೆಲೆ ಕೊಟ್ಟು ಸಂತೋಷದಿಂದಲೇ ಕೊಳ್ಳುತ್ತಿದ್ದೆ. ಅದನ್ನು ಮುಚ್ಚಿಟ್ಟು ಇಡೀ ಚಿಪ್‌ನ ಬೆಲೆ ಕಿತ್ತುಕೊಂಡದ್ದು ಶುದ್ಧ ವಂಚನೆ.

ಆದರೆ ಇಂಥ ವಂಚಕರು ಬೆಳೆಯಲು ನೆಲ ಹದ ಮಾಡಿಕೊಟ್ಟವರು ಕ್ಯಾಸಿನೊಗಳವರೇ. ಲಾಸ್ ವೇಗಸ್ ಇರುವ ನೆವಾಡಾ ರಾಜ್ಯದ ನಿಯಮದ ಪ್ರಕಾರ ಚಿಪ್ ಯಾರ ಕೈಯಲ್ಲಿದ್ದರೂ ಅದರ ಒಡೆತನ ಅದನ್ನು ಹೊರಡಿಸಿದ ಕ್ಯಾಸಿನೊದ್ದು. ಅದು ಕ್ಯಾಸಿನೊ ತೀರಿಸಬೇಕಾದ ಸಾಲದ ಗುರುತು ಮಾತ್ರ. ಚಿಪ್‌ಗಳನ್ನು ಹಿಂತೆಗೆದುಕೊಳ್ಳುವಾಗ ಪ್ರಕಟಣೆ ಹೊರಡಿಸಿ, ಸಾಮಾನ್ಯವಾಗಿ ಕನಿಷ್ಠ 120 ದಿನ ನಗದೀಕರಣಕ್ಕೆ ಅವಕಾಶ ಕೊಡಬೇಕು. ಅಲ್ಲಿಯವರೆಗೆ ಎಲ್ಲವೂ ನ್ಯಾಯವೇ. ಆಮೇಲೆ ವಾಪಸು ಬಂದ ಚಿಪ್‌ಗಳನ್ನು ಯಂತ್ರಕ್ಕೆ ಹಾಕಿ ನುಚ್ಚುನೂರು ಮಾಡುತ್ತಾರೆ. ಹಿಂದೆ ಕಾಂಕ್ರೀಟಿನಲ್ಲಿ ಸೇರಿಸಿ ಹೂತದ್ದೂ ಉಂಟು. ಹೀಗೆ ಉಳಿದ ಚಿಪ್ ವಿರಳವಾದಷ್ಟೂ ಮೋಸಗಾರರಿಗೆ ಸುಗ್ಗಿ. ನಾಶವಲ್ಲದೆ ಅಧಿಕಾರಿಗಳು ಒಪ್ಪಿದ ಬೇರೆ ವಿಲೇವಾರಿಗೂ ನಿಯಮದಲ್ಲಿ ಅವಕಾಶವಿರುವಾಗ, ಒಂದೊಂದು ತೂತು ಕೊರೆದು ಸಂಗ್ರಾಹಕರಿಗೆ ಮಾರಲು ಇವರಿಗೆ ಏನು ಧಾಡಿ?

ದೊಡ್ಡ ಮೊತ್ತದ ಚಿಪ್‌ಗಳ ವಿಷಯದಲ್ಲಿ ಕಟ್ಟುನಿಟ್ಟು ಬೇಕು, ಒಪ್ಪುತ್ತೇನೆ. 2010ರ ಡಿಸೆಂಬರ್‌ನಲ್ಲಿ ಲಾಸ್ ವೇಗಸ್‌ನ ಬೆಲಾಜಿಯೊ ಕ್ಯಾಸಿನೊದಲ್ಲಿ ಸುಮಾರು 15 ಲಕ್ಷ ಡಾಲರ್ ಮುಖಬೆಲೆಯ ಚಿಪ್‌ಗಳ ದರೋಡೆಯಾದ ಬಳಿಕ, ಅಲ್ಲಿನ 25,000 ಡಾಲರಿನ ಚಿಪ್‌ಗಳನ್ನು ಚಲಾವಣೆಯಿಂದ ಹಿಂತೆಗೆದುಕೊಂಡದ್ದು ಸರಿಯಾದ ಕ್ರಮ. ಆದರೆ 1 ಡಾಲರಿನ, 5 ಡಾಲರಿನ ಚಿಪ್‌ನಿಂದ, ಅದೂ ನಡುವೆ ತೂತು ಬಿದ್ದು, ಗಡುವು ಮುಗಿದು, ಯಾವ ಕೌಂಟರಿನಲ್ಲೂ ನಡೆಯದ ಚಿಪ್‌ನಿಂದ ಯಾರ ಗಂಟು ಹೋಗುತ್ತದೆ? ಸ್ಟಾರ್‌ಡಸ್ಟ್ ಕ್ಯಾಸಿನೊ ಕಟ್ಟಡವನ್ನು 2007ರಲ್ಲಿ, ಟ್ರಾಪಿಕಾನಾ ಕ್ಯಾಸಿನೊ ಕಟ್ಟಡವನ್ನು 2024ರಲ್ಲಿ ಸ್ಫೋಟಿಸಿ ಉರುಳಿಸಿದರು. ಅಂಥ ಜಾಗಗಳ ಹೆಸರು, ಚಿತ್ರ, ಅಂಚಿನ ಬಣ್ಣದ ಪಟ್ಟೆಗಳ ಸಮೇತ ಉಳಿಯುವ ವಸ್ತುವನ್ನೇ ಕಸವೆಂದು ಅರೆದುಹಾಕುವವರ ಮೇಲೆ ನನಗೆ ಸಿಟ್ಟು ಇಳಿಯುವುದೇ ಇಲ್ಲ.

ಹಣ ವಾಪಸು ಕೊಡಿ ಎಂದು ಬರೆದರೆ, ಹೇಗೂ ರದ್ದಾದ ಚಿಪ್ ತಾನೇ, ತೂತಿದ್ದರೆ ಏನಾಯಿತು ಎಂದು ಆ ಮಾರಾಟಗಾರ ಉತ್ತರಿಸಿದ್ದಾನೆ. ಏನೂ ಆಗದಿದ್ದರೆ ಅದನ್ನು ಅಷ್ಟು ನಾಜೂಕಾಗಿ ಮುಚ್ಚಿ ಬಣ್ಣ ಬಳಿದದ್ದು ಯಾಕೆ ಎಂದು ಕೇಳಿದ್ದಕ್ಕೆ ಈವರೆಗೂ ಉತ್ತರವಿಲ್ಲ, ಹಣವೂ ಬಂದಿಲ್ಲ.